ಕಂಪ್ಯೂಟರ್ ಇಲ್ಲದೆ ಕೇಸ್ ಫ್ಯಾನ್‌ಗಳನ್ನು ಓಡಿಸುವುದು ಹೇಗೆ?

ಪ್ರಶ್ನೆ

ಮದರ್‌ಬೋರ್ಡ್ ಕೆಟ್ಟ ಕಂಪ್ಯೂಟರಿನಿಂದ 120 ಮಿ.ಮೀ. ಅಳತೆಯ ಮೂರು ಫ್ಯಾನ್‌ಗಳನ್ನು ಬಿಚ್ಚಿಟ್ಟುಕೊಂಡಿದ್ದೇನೆ; ಎರಡಕ್ಕೆ ಮೂರು ಪಿನ್, ಒಂದಕ್ಕೆ ನಾಲ್ಕು ಪಿನ್ ಇವೆ. ರೂಟರ್ ಮತ್ತು ಹಾರ್ಡ್ ಡಿಸ್ಕ್‌ಗಳಿರುವ ಮುಚ್ಚಿದ ಕಪಾಟು ವಿಪರೀತ ಬಿಸಿಯಾಗುತ್ತಿರುವುದರಿಂದ, ಒಳಗಿನ ಗಾಳಿಯನ್ನು ಹೊರಹಾಕಲು ಇವನ್ನು ಹಗಲೂ ರಾತ್ರಿಯೂ ಓಡಿಸಬೇಕೆಂದಿದ್ದೇನೆ. ಹಳೆಯ ಪವರ್ ಸಪ್ಲೈ ಸುಸ್ಥಿತಿಯಲ್ಲಿದೆ. ಅದನ್ನೇ ಬಳಸಬೇಕೇ, ಅಡಾಪ್ಟರ್ ಸಾಕೇ?

ಉತ್ತರ 1

ಸದಾ ಓಡಬೇಕಾದ ಫ್ಯಾನ್‌ಗಳಿಗೆ 12 ವೋಲ್ಟ್ ಡಿಸಿ ಅಡಾಪ್ಟರೇ ಸರಿ. ಪ್ರತಿ ಫ್ಯಾನಿನ ನಡುವಿನ ಸ್ಟಿಕ್ಕರಿನಲ್ಲಿ ಅದಕ್ಕೆ ಬೇಕಾದ ಕರೆಂಟನ್ನು ನಮೂದಿಸಿರುತ್ತಾರೆ. ಸಾಮಾನ್ಯವಾಗಿ ಅದು 0.1ರಿಂದ 0.3 ಆಂಪಿಯರ್ ಇರುತ್ತದೆ. ತಿರುಗಲು ಆರಂಭಿಸುವ ಕ್ಷಣದಲ್ಲಿ ಮೋಟಾರು ಇದಕ್ಕಿಂತ ಹೆಚ್ಚು ಎಳೆಯುವುದರಿಂದ, ಮೂರರ ಮೊತ್ತಕ್ಕೆ ಧಾರಾಳವಾಗಿ ಸಾಲುವ 2 ಆಂಪಿಯರ್ ಅಡಾಪ್ಟರನ್ನು ಆರಿಸಿಕೊಳ್ಳಿ. ಫ್ಯಾನ್‌ಗಳನ್ನು ಸರಣಿಯಲ್ಲಿ (ಒಂದರ ಹಿಂದೆ ಒಂದರಂತೆ) ಜೋಡಿಸದೆ ಸಮಾಂತರವಾಗಿ (ಪ್ರತಿಯೊಂದನ್ನೂ ನೇರವಾಗಿ ಅಡಾಪ್ಟರಿನ ಎರಡೂ ತಂತಿಗಳಿಗೆ) ಜೋಡಿಸಿದರೆ ಪ್ರತಿಯೊಂದಕ್ಕೂ ಪೂರ್ತಿ 12 ವೋಲ್ಟ್ ಸಿಗುತ್ತದೆ.

ಕನೆಕ್ಟರಿನ ಮೊದಲ ಪಿನ್ ಗ್ರೌಂಡ್, ಎರಡನೆಯದು 12 ವೋಲ್ಟ್, ಮೂರನೆಯದು ವೇಗವನ್ನು ತಿಳಿಸುವ ಸಂಕೇತ, ನಾಲ್ಕನೆಯದು ವೇಗವನ್ನು ನಿಯಂತ್ರಿಸುವ ಪಿಡಬ್ಲ್ಯುಎಂ. ನಿಮಗೆ ಬೇಕಾದವು ಮೊದಲೆರಡೇ. ಉಳಿದ ತಂತಿಗಳ ತುದಿಗಳಿಗೆ ಪ್ರತ್ಯೇಕವಾಗಿ ಇನ್ಸುಲೇಷನ್ ಟೇಪ್ ಸುತ್ತಿಬಿಡಿ. ಕೆಲವು ಫ್ಯಾನ್‌ಗಳಲ್ಲಿ ಎಲ್ಲ ತಂತಿಗಳೂ ಕಪ್ಪಾಗಿರುವುದರಿಂದ ಬಣ್ಣವನ್ನು ನಂಬದೆ ಪಿನ್‌ಗಳ ಕ್ರಮವನ್ನೇ ನೋಡಿ. ಧನ–ಋಣಗಳು ಅದಲುಬದಲಾದರೆ ಫ್ಯಾನಿನೊಳಗಿನ ಸರ್ಕ್ಯೂಟ್ ಸುಟ್ಟುಹೋಗಬಹುದು. ಜೋಡಿಸುವ ಮೊದಲು ಅಡಾಪ್ಟರಿನ ತುದಿಯನ್ನು ಮಲ್ಟಿಮೀಟರಿನಿಂದ ದಯವಿಟ್ಟು ಪರೀಕ್ಷಿಸಿ.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ಆದರೂ ಫ್ಯಾನ್‌ಗಳು ಸರಿಯಾಗಿವೆಯೇ ಎಂದು ನೋಡಲು ಪವರ್ ಸಪ್ಲೈ ಉಪಯುಕ್ತ. ಅದರ ಸ್ವಿಚ್ ಆಫ್ ಮಾಡಿ, ಮದರ್‌ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರಿನ ಹಸಿರು ತಂತಿಯ ಪಿನ್ನಿಗೂ (16ನೆಯದು) ಯಾವುದಾದರೂ ಕಪ್ಪು ತಂತಿಯ ಪಿನ್ನಿಗೂ ಒಂದು ಚಿಕ್ಕ ತಂತಿಯನ್ನು ಸೇರಿಸಿ ಮತ್ತೆ ಸ್ವಿಚ್ ಹಾಕಿದರೆ ಅದು ಚಾಲೂ ಆಗುತ್ತದೆ. ಪವರ್ ಸಪ್ಲೈಯಿಂದ ಬರುವ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನ ಹಳದಿ ತಂತಿಯಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್ ಇರುತ್ತದೆ. ಪೆಟ್ಟಿಗೆಯನ್ನು ಮಾತ್ರ ಎಂದೂ ತೆರೆಯಬೇಡಿ. ಪ್ಲಗ್ ಕಿತ್ತ ನಂತರವೂ ಒಳಗಿನ ಕೆಪ್ಯಾಸಿಟರ್‌ಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಪೂರ್ತಿ ವೇಗದಲ್ಲಿ ಸದ್ದು ಹೆಚ್ಚಾದರೆ, ಯುಎಸ್‌ಬಿ ಚಾರ್ಜರಿನ 5 ವೋಲ್ಟಿನಲ್ಲೇ ಓಡಿಸಬಹುದೇ?

ಉತ್ತರ 1

ಓಡಿಸಬಹುದು, ಆದರೆ ಎಲ್ಲ ಫ್ಯಾನ್‌ಗಳೂ 5 ವೋಲ್ಟಿನಲ್ಲಿ ತಾವಾಗಿಯೇ ತಿರುಗಲು ಆರಂಭಿಸುವುದಿಲ್ಲ. ಇಂದು ತಿರುಗಿದ್ದು ಧೂಳು ಕೂತ ಮೇಲೆ ನಿಂತುಬಿಡಬಹುದು. ಕಪಾಟಿನಲ್ಲಿ ಹಾರ್ಡ್ ಡಿಸ್ಕ್‌ಗಳಿರುವಾಗ ಅದು ಬೇಡ. ವೋಲ್ಟೇಜ್ ಹೊಂದಿಸಬಹುದಾದ ಅಡಾಪ್ಟರನ್ನು ತಂದು 7ರಿಂದ 9 ವೋಲ್ಟಿಗೆ ಇಡಿ. ಸದ್ದು ಗಣನೀಯವಾಗಿ ಇಳಿಯುತ್ತದೆ. ವಿದ್ಯುತ್ ಹೋಗಿ ಬಂದಾಗ ಮೂರೂ ಫ್ಯಾನ್‌ಗಳು ಮತ್ತೆ ತಿರುಗುತ್ತವೆಯೇ ಎಂಬುದನ್ನು ಪ್ಲಗ್ ಕಿತ್ತು, ಹಾಕಿ ಖಚಿತಪಡಿಸಿಕೊಳ್ಳಿ.