ಅಪ್‌ಡೇಟ್: ಅವ್ವನ ಹುಬ್ಬಳ್ಳಿ–ಬೆಂಗಳೂರು ವಿಮಾನ ಮತ್ತು ತುಪ್ಪದ ಡಬ್ಬಿ

ಮೊದಲ ಸಲ ವಿಮಾನ ಹತ್ತಲಿದ್ದ ನಮ್ಮ ಅವ್ವ, ಬಾಣಂತಿಯಾದ ನನ್ನ ತಂಗಿಗೆಂದು ಕೂಡಿಟ್ಟ ತುಪ್ಪ ಮತ್ತು ಅಂಟಿನುಂಡಿಯ ಸಾಮಾನನ್ನು ಅಗ್ಗದ ದರದ ವಿಮಾನದಲ್ಲಿ ಹೇಗೆ ಒಯ್ಯಬೇಕೆಂದು ಕಳೆದ ವಾರ ಕೇಳಿದ್ದೆ. ತುಪ್ಪವನ್ನು ಕೈಚೀಲದಲ್ಲಿಡದೆ, ಕೌಂಟರಿನಲ್ಲಿ ಒಪ್ಪಿಸುವ ಚೆಕ್‌-ಇನ್ ಬ್ಯಾಗಿಗೆ ಹಾಕಿರೆಂಬ ಸಲಹೆಯೇ ಫಲಿಸಿತು; ಸ್ಟೀಲ್ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ್ದರಿಂದ ಒಂದು ಹನಿಯೂ ಸೋರಲಿಲ್ಲ. ಹೆಚ್ಚಿನ ತೂಕಕ್ಕೆ ಕೌಂಟರಿನಲ್ಲೇ ಹಣ ಕಟ್ಟಬಹುದೆಂಬ ಸಲಹೆ ಮಾತ್ರ ದುಬಾರಿಯಾಯಿತು. ಚೆಕ್‌-ಇನ್ ಬ್ಯಾಗಿನ ತೂಕ 15 ಕಿಲೋ ಮೀರುವುದಿದ್ದರೆ ಆನ್‌ಲೈನ್‌ನಲ್ಲಿ ಮುಂಚೆಯೇ ಕಟ್ಟಿಬಿಡಿ. ನನಗೆ ಗೊತ್ತೇ ಇರದಿದ್ದ ಸಂಗತಿಯೆಂದರೆ, ಎಣ್ಣೆಯಂಶದಿಂದ ಬೆಂಕಿ ಹೊತ್ತೀತೆಂದು ಇಡಿಯ ಒಣಕೊಬ್ಬರಿಯನ್ನು ಬ್ಯಾಗಿನಲ್ಲಿ ಬಿಡುವುದಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆಸಿದರು. ಬ್ಯಾಗು ಬಿಚ್ಚಿ ಮತ್ತೆ ಕಟ್ಟಲು ಅರ್ಧ ತಾಸು ಹಿಡಿಯಿತು, ಕೌಂಟರ್ ವಿಮಾನ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಆದ್ದರಿಂದ ಎರಡು ತಾಸು ಮುಂಚೆ ಹೋಗಿರೆಂದು ಹೇಳಿದವರಿಗೆ ನಾನು ನಿಜವಾಗಿಯೂ ಋಣಿ.