ರಷ್ಯನ್ ವಿಂಡೋಸ್‌ನಲ್ಲಿ ಫ್ರೆಂಚ್ ಹೆಸರಿನ ಅಕ್ಷರ ಬದಲಾಗಿ ಕಾಣುತ್ತಿದೆ, ಫಾಂಟ್ ಬದಲಿಸಿದರೂ ಸರಿಹೋಗಲಿಲ್ಲ

ಪ್ರಶ್ನೆ:
ಹೆಸರುಗಳ ಪಟ್ಟಿ ತೋರಿಸುವ ಒಂದು ಹಳೇ ಪ್ರೋಗ್ರಾಂ, ಕೋಡ್ ನನ್ನ ಹತ್ತಿರವೇ ಇದೆ, ಹೆಸರುಗಳೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿವೆ. ನನ್ನಲ್ಲಿ ಸರಿಯಾಗಿ ಕಾಣುತ್ತದೆ. ಗೆಳೆಯರ ರಷ್ಯನ್ ವಿಂಡೋಸ್‌ನಲ್ಲಿ ಮಾತ್ರ ‘ರೆನೆ’ ಅನ್ನೋ ಫ್ರೆಂಚ್ ಹೆಸರಿನ ಕೊನೆಯಲ್ಲಿ, ತಲೆ ಮೇಲೆ ಓರೆ ಗೆರೆ ಇರುವ ಇಂಗ್ಲಿಷ್ ‘ಇ’ ಬರಬೇಕಾದ ಕಡೆ, ಯಾವುದೋ ರಷ್ಯನ್ ಅಕ್ಷರ ಬಂದು ಕೂತಿದೆ. ಮೂರು ಫಾಂಟ್ ಹಾಕಿ ನೋಡಿದೆ, ಪ್ರಯೋಜನ ಆಗಲಿಲ್ಲ.

ಉತ್ತರ:
ಫಾಂಟ್ ಬಿಟ್ಟುಬಿಡಿ, ತಪ್ಪು ಅಲ್ಲಿಲ್ಲ. ಫಾಂಟ್‌ನಲ್ಲಿ ಅಕ್ಷರ ಇಲ್ಲದಿದ್ದರೆ ಸಾಮಾನ್ಯವಾಗಿ ಖಾಲಿ ಚೌಕ ಬರುತ್ತದೆ. ಬೇರೆ ಅಕ್ಷರವೇ ಬಂದರೆ ಅದು ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಸಂಖ್ಯೆಗಳಾಗಿ ಬರೆಯುವ ರೀತಿಯ ಸಮಸ್ಯೆ. ನಿಮ್ಮ ಫೈಲಿನಲ್ಲಿ ಆ ಜಾಗದಲ್ಲಿರುವುದು 233 ಅನ್ನೋ ಒಂದು ಬೈಟ್, ಅಂದರೆ ಒಂದು ಸಂಖ್ಯೆ, ಅಷ್ಟೇ. ಯಾವ ಸಂಖ್ಯೆ ಯಾವ ಅಕ್ಷರ ಅಂತ ಹೇಳುವ ಕೋಷ್ಟಕಕ್ಕೆ ಕೋಡ್ ಪೇಜ್ ಅಂತಾರೆ. ವಿಂಡೋಸ್-1252 ಅನ್ನೋ ಕೋಡ್ ಪೇಜ್ ಪ್ರಕಾರ ಓದಿದರೆ ಅದು ಓರೆ ಗೆರೆಯ ‘ಇ’, 1251 ಪ್ರಕಾರ ರಷ್ಯನ್ನಿನ ‘ಯ್’, 1253 ಪ್ರಕಾರ ಗ್ರೀಕಿನ ಅಯೋಟಾ. ಹಳೇ ಪ್ರೋಗ್ರಾಂ ಆಯಾ ಕಂಪ್ಯೂಟರಿನ ಕೋಡ್ ಪೇಜ್ ಹಿಡಿದು ಸುಮ್ನೆ ಓದಿಕೊಂಡು ಹೋಗುತ್ತದೆ.

ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ವ್ಯವಸ್ಥೆ) ಅಲ್ಲದ ಪ್ರೋಗ್ರಾಂಗಳಿಗೆ ಭಾಷೆ ಆರಿಸುವ ಸೆಟ್ಟಿಂಗ್ ವಿಂಡೋಸ್‌ನಲ್ಲಿದೆ, ಅದನ್ನು ಮುಟ್ಟಬೇಡಿ. ಬದಲಿಸಿದರೆ ನಿಮ್ಮ ಪಟ್ಟಿ ಸರಿಹೋಗುತ್ತದೆ, ಆದರೆ ಗೆಳೆಯರ ಹಳೇ ರಷ್ಯನ್ ಪ್ರೋಗ್ರಾಂಗಳು ಕೆಡುತ್ತವೆ. ಮೊದಲು ಫೈಲಿನ ಒಂದು ಪ್ರತಿ ತೆಗೆದಿಡಿ. ಆಮೇಲೆ 1252 ಅಂತ ತೆರೆದು, ಅಕ್ಷರ ಸರಿ ಇದೆಯಾ ಕಣ್ಣಾರೆ ನೋಡಿ, ಯುಟಿಎಫ್-8 (ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಆಗಿ ಉಳಿಸಿ. ಕೋಡ್‌ನಲ್ಲೂ ಫೈಲ್ ಓದುವ ಕಡೆ ಯುಟಿಎಫ್-8 ಅಂತ ಸ್ಪಷ್ಟವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು:
ಹಾಗೇ ಮಾಡಿದೆ, ಪಟ್ಟಿ ಎರಡೂ ಕಡೆ ಸರಿಯಾಯಿತು. ಆದರೆ ನನ್ನ ಕಂಪ್ಯೂಟರಿನಲ್ಲಿ ಪ್ರಿಂಟ್ ಕೊಟ್ಟರೆ ಆ ಒಂದು ಅಕ್ಷರದ ಬದಲು ಎರಡು ಬರುತ್ತಿವೆ: ಅಲೆ ಗೆರೆ ಹೊತ್ತ ಇಂಗ್ಲಿಷ್ ‘ಎ’, ಪಕ್ಕದಲ್ಲಿ ಕಾಪಿರೈಟ್ ಚಿಹ್ನೆ.

ಉತ್ತರ:
ಒಳ್ಳೇ ಸುಳಿವು ಕೊಟ್ಟಿರಿ. ಯುಟಿಎಫ್-8ರಲ್ಲಿ ಆ ಅಕ್ಷರಕ್ಕೆ 195, 169 ಅಂತ ಎರಡು ಬೈಟ್. ಪ್ರಿಂಟ್ ಮಾಡುವ ಭಾಗ ಇನ್ನೂ 1252 ಅಂದುಕೊಂಡು ಒಂದೊಂದನ್ನೂ ಬೇರೆ ಅಕ್ಷರ ಮಾಡುತ್ತಿದೆ. ಕನ್ನಡ ಫೈಲನ್ನು ಹೀಗೆ ತೆರೆದರೆ ಗೆರೆ ಹೊತ್ತ ಇಂಗ್ಲಿಷಿನ ಚಿಕ್ಕ ‘ಎ’, ಅದರ ಪಕ್ಕ ಪುಟ್ಟ 2 ಅಥವಾ 3, ಇವೇ ಸಾಲುಗಟ್ಟಿ ಬರುತ್ತವಲ್ವಾ, ಅದಕ್ಕೂ ಇದೇ ಕಾರಣ. ಆ ಭಾಗ ಫೈಲನ್ನು ಬೇರೆಯಾಗಿ ಓದುತ್ತಿದೆಯಾ ನೋಡಿ.

ಪ್ರಶ್ನೆ ಕೇಳಿದವರು:
ಹೌದು, ಮತ್ತೊಮ್ಮೆ ತೆರೆಯುತ್ತಿತ್ತು! ಅಲ್ಲೂ ಬದಲಿಸಿದೆ, ಹೆಸರು ಸರಿಯಾಗಿ ಬಂತು. ತುಂಬಾ ಥ್ಯಾಂಕ್ಸ್. ಇನ್ನೊಂದು ಹೆಸರು, ಬೇರೆ ಕಡೆಯಿಂದ ಕಾಪಿ ಮಾಡಿದ್ದು, ಕಣ್ಣಿಗೆ ಕಾಣುತ್ತದೆ, ಆದರೆ ಹುಡುಕಿದರೆ ಸಿಗುತ್ತಿಲ್ಲ.

ಉತ್ತರ:
ಯೂನಿಕೋಡ್‌ನಲ್ಲಿ ಓರೆ ಗೆರೆಯ ‘ಇ’ಯಂಥ ಅಕ್ಷರವನ್ನು ಒಂದೇ ಕೋಡ್ ಆಗಿ ಬರೆಯಬಹುದು, ಇಲ್ಲವೇ ಬರೀ ‘ಇ’ ಹಾಕಿ ಗೆರೆಯನ್ನು ಬೇರೆ ಕೋಡ್ ಆಗಿ ಸೇರಿಸಬಹುದು. ನೋಡೋಕೆ ಎರಡೂ ಒಂದೇ. ನಮ್ಮ ‘ಕೊ’ದಲ್ಲಿರುವ ಒ ಚಿಹ್ನೆಯೂ ಹಾಗೇ, ಒಂದೇ ಕೋಡ್ ಆಗಿರಬಹುದು, ಎ ಮತ್ತು ಊ ಚಿಹ್ನೆ ಎರಡು ಸೇರಿದ್ದೂ ಆಗಿರಬಹುದು. ಪಟ್ಟಿ, ಹುಡುಕುವ ಪದ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಕೋಡ್‌ಗಳನ್ನು ಸಾಧ್ಯವಾದ ಕಡೆ ಒಂದೇ ಕೋಡ್ ಆಗಿ ಸೇರಿಸುವ ರೂಪ) ತಂದು ಹೋಲಿಸಿ, ಸಿಗುತ್ತದೆ.