2017ರ ಲ್ಯಾಪ್‌ಟಾಪ್: ದುರಸ್ತಿ ಮಾಡಿಸುವುದೋ, ಹೊಸದನ್ನು ಕೊಳ್ಳುವುದೋ?

ಪ್ರಶ್ನೆ (ಡೊಂಬಿವಲಿಯಿಂದ)

ಬಲ್ಲವರು ದಯವಿಟ್ಟು ಸಲಹೆ ನೀಡಬೇಕು. ನನ್ನಲ್ಲಿರುವುದು 2017ರಲ್ಲಿ ಕೊಂಡ ಲ್ಯಾಪ್‌ಟಾಪ್: ಏಳನೆಯ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯ ಪುಟಗಳನ್ನು ಮೊದಲಿನಿಂದಲೂ ಇದರಲ್ಲೇ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತ ಬಂದಿದ್ದೇನೆ. ಈಗ ಅದು ಶುರುವಾಗಲು ಹತ್ತು ನಿಮಿಷ ಬೇಕು. ಚಾರ್ಜರ್ ತೆಗೆದರೆ ಕಾಲು ಗಂಟೆಯಲ್ಲಿ ಆರಿಹೋಗುತ್ತದೆ. ಮಳೆಗಾಲದಿಂದೀಚೆಗೆ ಟಚ್‌ಪ್ಯಾಡ್ ಒಂದು ಬದಿಯಲ್ಲಿ ಮೇಲೆದ್ದಿದೆ. ವಿಂಡೋಸ್ 11ಕ್ಕೆ ಈ ಯಂತ್ರ ಅರ್ಹವಲ್ಲ ಎಂಬ ಸೂಚನೆಯೂ ಬರುತ್ತದೆ. ಸ್ಟೇಷನ್ ಬಳಿಯ ಅಂಗಡಿಯವರು ಬಿಚ್ಚಿಯೂ ನೋಡದೆ, ಮದರ್‌ಬೋರ್ಡ್ ಹೋಗಿದೆ, ಹೊಸದನ್ನೇ ಕೊಳ್ಳಿ ಎಂದರು. ನಿವೃತ್ತನಾದ ನನಗೆ ಅದು ಸಣ್ಣ ಖರ್ಚಲ್ಲ.

ಉತ್ತರ 1 (ಪುಣೆಯಿಂದ)

ಸರ್, ಮಿಕ್ಕಿದ್ದೆಲ್ಲ ಆಮೇಲೆ. ಮೊದಲು ಯಂತ್ರವನ್ನು ಆರಿಸಿ ಚಾರ್ಜರ್ ಕಳಚಿಡಿ. ಟಚ್‌ಪ್ಯಾಡ್ ಮೇಲೆದ್ದಿದೆ ಎಂದರೆ ಅದರ ಕೆಳಗಿನ ಬ್ಯಾಟರಿ ಉಬ್ಬಿರುವ ಸಾಧ್ಯತೆಯೇ ಹೆಚ್ಚು. ಹಳೆಯ ಲಿಥಿಯಂ ಬ್ಯಾಟರಿಯ ಒಳಗೆ ಅನಿಲ ತುಂಬಿಕೊಂಡು ಹೀಗಾಗುತ್ತದೆ. ಅದನ್ನು ಒತ್ತಿದರೆ ಅಥವಾ ಚುಚ್ಚಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಟಚ್‌ಪ್ಯಾಡ್ ಅನ್ನು ಅದುಮಿ ಕೂರಿಸಲು ಹೋಗಬೇಡಿ. ಬ್ಯಾಟರಿಯನ್ನು ತಿಳಿದವರಿಂದಲೇ ತೆಗೆಸಿ, ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಹೊಸ ಬ್ಯಾಟರಿ ಬಂದರೆ ಟಚ್‌ಪ್ಯಾಡ್ ತಾನಾಗಿಯೇ ಸರಿಹೋಗುವುದುಂಟು. ಇಷ್ಟಕ್ಕೇ ಮದರ್‌ಬೋರ್ಡ್ ಹೋಗಿದೆ ಎನ್ನಲು ನೀವು ಬರೆದುದರಲ್ಲಿ ಯಾವ ಲಕ್ಷಣವೂ ಕಾಣುತ್ತಿಲ್ಲ.

ಉತ್ತರ 2 (ದಾದರ್‌ನಿಂದ)

ಮೇಲಿನವರು ಹೇಳಿದ್ದನ್ನು ಇವತ್ತೇ ಮಾಡಿ. ನಿಧಾನಕ್ಕೆ ಕಾರಣ ಬಹುಶಃ ಹಾರ್ಡ್ ಡಿಸ್ಕ್. ತಿರುಗುವ ತಟ್ಟೆಯ ಡಿಸ್ಕ್ ಮೇಲೆ ವಿಂಡೋಸ್ 10 ನಡೆಯುವುದೇ ಕಷ್ಟ. 4 ಜಿಬಿ ರ‍್ಯಾಮ್ ತುಂಬಿದೊಡನೆ ಅದು ಮತ್ತೆ ಅದೇ ಡಿಸ್ಕ್‌ಗೆ ಮೊರೆಹೋಗುವುದರಿಂದ ತೊಂದರೆ ಇಮ್ಮಡಿಯಾಗುತ್ತದೆ. ಅದರ ಜಾಗದಲ್ಲಿ 256 ಜಿಬಿಯ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್ ಆದ ಸಾಟಾ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 8 ಜಿಬಿಗೆ ಏರಿಸಿದರೆ ನಿಮ್ಮ ಕೆಲಸಕ್ಕೆ ಧಾರಾಳವಾಯಿತು. ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ನಾಲ್ಕಾರು ಅಂಗಡಿಗಳಲ್ಲಿ ದರ ವಿಚಾರಿಸಿ, ಬಿಲ್ ಪಡೆದು, ಎದುರಿಗೇ ನಿಂತು ಮಾಡಿಸಿ. ಹಳೆಯ ಡಿಸ್ಕ್ ಅನ್ನು ಮರೆಯದೆ ವಾಪಸು ಕೇಳಿ, ನಿಮ್ಮ ಎಲ್ಲ ಪುಟಗಳೂ ಅದರಲ್ಲಿವೆ.

ವಿಂಡೋಸ್ 11 ವಿಷಯ ಬೇರೆ. ಇಂಟೆಲ್‌ನಲ್ಲಿ ಅದು ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಮೇಲಿನ ಪ್ರೊಸೆಸರ್‌ಗಳನ್ನೇ ಒಪ್ಪುತ್ತದೆ. ಯಾವ ದುರಸ್ತಿಯಿಂದಲೂ ಇದು ಬದಲಾಗದು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದರೂ ಅದರ ಕೊನೆಯ ಆವೃತ್ತಿಯಾದ 22ಎಚ್2 ಇರುವವರು ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಹೆಸರು ನೋಂದಾಯಿಸಿ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟ್ ಪಡೆಯಬಹುದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಿದರೆ ಇದಕ್ಕೆ ಹಣ ಕೊಡಬೇಕಾಗಿಲ್ಲ.

ಉತ್ತರ 3 (ಮಡಗಾಂವ್‌ನಿಂದ)

ಆ ಅವಧಿ ಮುಗಿದ ಮೇಲೆ, ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ವ್ಯವಸ್ಥೆ ಲಿನಕ್ಸ್ ಮಿಂಟ್ ನೋಡಿ. ಅದರ 22ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆ, ಪೆನ್‌ಡ್ರೈವ್‌ನಿಂದಲೇ ನಡೆಸಿ ಪರೀಕ್ಷಿಸಲೂಬಹುದು. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸವೇ ಸಿಗುವುದರಿಂದ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಪಾಠ ಹೆಚ್ಚು ಬೇಕಾಗದು. ನನ್ನ ಚಿಂತೆ ಹಳೆಯ ಸಂಚಿಕೆಗಳದ್ದು. ನುಡಿಯ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳು, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನೆಲ್ಲ, ಯಾವ ಯಂತ್ರದಲ್ಲೂ ಓದಬಹುದಾದ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಒಮ್ಮೆ ಕಣ್ಣಾರೆ ನೋಡಿ ತಿದ್ದಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಯಂತ್ರವನ್ನು ಆರಿಸಿಟ್ಟಿದ್ದೇನೆ. ಶನಿವಾರ ಮಗನೊಡನೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ, ಮೊದಲು ಬ್ಯಾಟರಿ ತೆಗೆಸಿ, ಆಮೇಲೆ ಎಸ್‌ಎಸ್‌ಡಿ ಕೇಳುತ್ತೇನೆ. ಹಳೆಯ ಸಂಚಿಕೆಗಳು ನೂರರ ಹತ್ತಿರ ಇವೆ. ಪರಿವರ್ತನೆಯನ್ನು ಮೊದಲ ಸಂಚಿಕೆಯಿಂದಲೇ ಆರಂಭಿಸುತ್ತೇನೆ.